ದುಂಡಪ್ಪ ಬೀಗರ ಮನಿ ಹಬ್ಬಕ್ಕ ಏನೇನು ಒಯ್ದ

ಹೂಂ ಅನ್ನಾವ್ರು ಮುಂದ ಕೂಡ್ರಿ, ನಗಾವ್ರು ಹಿಂದ ಕೂಡ್ರಿ. ನಡುವ ಮಾತಾಡಾವ್ರು ಎದ್ದು ಹೊರಗ ಹೋಗ್ರಿ. ಹೇಳತೀನಿ ಕೇಳ್ರಿ.

ಜಾಲಿಕಟ್ಟಿ ಅಂತ ಒಂದೂರು. ಆ ಊರಾಗ ಬಾಳವ್ವ ಅಂತ ಒಬ್ಬಾಕಿ. ಗಂಡ ತೀರಿಕೊಂಡು ಹತ್ತು ವರ್ಷ ಆಗಿತ್ತು. ಇಬ್ಬರು ಮಕ್ಕಳು. ದೊಡ್ಡಾಕಿ ನೀಲವ್ವ, ಸಣ್ಣಾಂವ ದುಂಡಪ್ಪ. ನೀಲವ್ವ ಅರ್ಧ ಹೇಳಿದ್ರ ಪೂರಾ ತಿಳಕೊಳ್ಳಾಕಿ. ದುಂಡಪ್ಪಗ ಹೇಳಿದ್ದಷ್ಟ ತಿಳೀತಿತ್ತು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮಿ ಇಲ್ಲ. ಮೈ ಎತ್ತಿನಂಥಾದ್ದು, ಮನಸು ಹಾಲಿನಂಥಾದ್ದು, ತಲಿ ಮಾತ್ರ ದೇವರು ಅವಸರದಾಗ ಕೊಟ್ಟಿದ್ದ.

"ಹಾಲಿನ ಮ್ಯಾಲೆ ಕಣ್ಣಿಟ್ಟಿರೋ" ಅಂತ ಹೇಳಿ ಬಾಳವ್ವ ಹೊರಗ ಹೋದ್ರ, ಇಂವ ಕಣ್ಣು ಪಿಳಕಿಸದಂಗ ಒಲಿ ಮುಂದ ಕುಂದ್ರತಿದ್ದ. ಹಾಲು ಕಾಯತಿತ್ತು, ಹಾಲು ಏರತಿತ್ತು, ಹಾಲು ಉಕ್ಕಿ ಒಲಿ ಆರತಿತ್ತು.

"ಉಕ್ಕಿ ಹೋತಲ್ಲೋ!"

"ಹೌದವ್ವ! ಮೊದಲಿಂದ ಕಡೀತನಕ ಪೂರಾ ನೋಡಿದೆ!"

ಬಾಳವ್ವ ಹಣಿ ಹಣಿ ಬಡಕೋತಿದ್ದಳು. ಏನು ಮಾಡ್ಯಾಳು? ಹಡದಾಕಿ.

ತುಳಸಿ ಲಗ್ನ ಆದ ಮುಂದಿನ ವಾರ ನೀಲವ್ವನ ಲಗ್ನ ಆತು. ಹಳ್ಳದ ಆಚಿ ಹೂವಿನಕೊಪ್ಪಕ್ಕ ಕೊಟ್ಟರು. ಅಳಿಯ ಒಳ್ಳೇಂವ, ಆದರ ವ್ಯಾಪಾರಕ್ಕಂತ ಊರೂರು ತಿರಗಾಂವ. ಮಾವ ಬಸಲಿಂಗಪ್ಪ ಬಾಯಿ ತುಂಬ ಉಣ್ಣಾಂವ, ಬಾಯಿ ತುಂಬ ನಗಾಂವ. ಮನಿ ಯಜಮಾನಿಕಿ ಎಲ್ಲಾ ಅತ್ತಿ ಸಾವಂತ್ರೆವ್ವಂದು. ಆಕಿ ಹೆಂಥಾಕಿ ಅಂದ್ರ, ಕಸಾ ಹೊಡದ ಮ್ಯಾಲೆ ಕಸಬರಿಗಿನೂ ತೊಳ್ಯಾಕಿ.

ಮಗಳಿಗೆ ಒಂದು ಕೂಸು ಆಗೋತನಕ ಹಡದವ್ವ ಬೀಗರ ಹೊಸ್ತಿಲ ದಾಟಬಾರದು ಅಂತ ಅವರ ಕಡೆ ಪದ್ಧತಿ. ಬೀಗರು ಹಬ್ಬ ಹುಣ್ಣಿಮಿಗೆ ಊಟಕ್ಕ ಕರದ್ರ ತಮ್ಮನ ಹೋಗಬೇಕು. ತಮ್ಮನ ನಡತಿನ ತವರಿನ ನಡತಿ. ಬಾಳವ್ವಗ ಇದ್ದದ್ದು ಒಂದ ಆಸಿ. ಮೊದಲ ನಾಗರ ಪಂಚಮಿಗೆ ಮಗಳು ತವರಿಗೆ ಬರಬೇಕು, ಜೋಕಾಲಿ ಆಡಬೇಕು. ಕಳಸೋದು ಬಿಡೋದು ಬೀಗತಿ ಸಾವಂತ್ರೆವ್ವನ ಕೈಯಾಗ.

ಎಳ್ಳ ಅಮಾಸಿ ಬಂತು. ಬೀಗರ ಕಡಿಂದ ಹೇಳಿ ಕಳಿಸಿದ್ರು: ದುಂಡಪ್ಪನ್ನ ಊಟಕ್ಕ ಕಳಿಸ್ರಿ, ಹೊಲದಾಗ ಭೂತಾಯಿಗೆ ಚರಗದ ಎಡಿ ಚೆಲ್ಲಿ ಎಲ್ಲಾರೂ ಕೂಡಿ ಉಣ್ಣೋಣು.

ಬಾಳವ್ವ ಬೆಳಕು ಹರಿಯೋದ್ರಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡದು, ಸೇಂಗಾ ಹಿಂಡಿ ಕುಟ್ಟಿ, ಗಂಟು ಕಟ್ಟಿ ಗೂಟಕ್ಕ ತೂಗಹಾಕಿದಳು. ಕೊಡಾ ತಗೊಂಡು ನೀರಿಗೆ ಹೊಂಟಾಕಿ ಬಾಗಲದಾಗ ತಿರುಗಿ ಹೇಳಿದಳು:

"ಮಗನ, ಬೀಗರ ಮನಿಗೆ ಬರಿಗೈಲೆ ಹೋಗಬ್ಯಾಡ. ತಿಳೀತೇನೋ?"

"ತಿಳೀತವ್ವ!"

ನೀರು ತಗೊಂಡು ಬಂದು ನೋಡತಾಳ, ಮಗ ಇಲ್ಲ. ಗಂಟು ಗೂಟದ ಮ್ಯಾಲ ಅದ!

ಆತಲ್ಲ! ಬಾಳವ್ವ ಕುಂತಲ್ಲಿ ಕುಂದ್ರವಲ್ಲಳು, ನಿಂತಲ್ಲಿ ನಿಂದ್ರವಲ್ಲಳು. ಒಲಿ ಮುಂದಿಂದ ಹೊಸ್ತಿಲಕ್ಕ, ಹೊಸ್ತಿಲದಿಂದ ಒಲಿ ಮುಂದಕ್ಕ. "ಬರಿಗೈಲೆ ಹೋದನಲ್ಲ! ನನ್ನ ಮಗಳ ಮಾನ ಹೋತಲ್ಲ!"

ಹೊತ್ತು ಇಳಿಯೋ ಹೊತ್ತಿಗೆ ಬಂದ ದುಂಡಪ್ಪ. ಎರಡೂ ಕೈಗೆ ಮೊಣಕೈತನಕಾ ಅರಿವಿ ಸುತ್ತಿಕೊಂಡಾನ! ಸತ್ತ ಅಪ್ಪನ ರುಮಾಲು ಹರದು ಎರಡು ಮಾಡಿ, ಕೈಗಿಷ್ಟು ಕೈಗಿಷ್ಟು ಸುತ್ಯಾನ!

"ಕೈಗೆ ಏನಾತೋ ಯಪ್ಪಾ!"

"ಏನೂ ಆಗಿಲ್ಲವ್ವ. ಬರಿಗೈಲೆ ಹೋಗಬ್ಯಾಡ ಅಂದಿದ್ದೆಲ್ಲ, ಮುಚ್ಚಿಕೊಂಡು ಹೋಗಿದ್ದೆ."

ಬಾಳವ್ವ ಆ ಅರಿವಿ ಬಿಚ್ಚಾಕ ಹತ್ತಿದಳು. "ಅವರೇನಂದ್ರೋ?"

"ಸಾವಂತ್ರೆತ್ತಿ ಗಾಬರಿ ಆದಳು. ಕೈ ಸುಟ್ಟಕೊಂಡಾನ ಅಂತ ಅರಿಷಿಣ ತಂದಳು. ನಾ ಬಿಚ್ಚಗೊಡಲಿಲ್ಲ. ನಾ ಬರಿಗೈಲೆ ಬರೋ ಪೈಕಿ ಅಲ್ಲರೀ ಅಂದೆ. ಉಣ್ಣಾಕ ಬರಲಿಲ್ಲ, ಅಕ್ಕ ತುತ್ತು ಮಾಡಿ ಉಣಿಸಿದಳು. ಮಾವ ನಕ್ಕು ನಕ್ಕು ಮಜ್ಜಿಗಿ ಮೂಗಿಗೆ ಏರಿಸಿಕೊಂಡ."

"ಅತ್ತಿ?"

"ಅತ್ತಿ ನಗಲಿಲ್ಲ."

ಬಾಳವ್ವ ತಲಿ ಚಚ್ಚಿಕೊಂಡಳು. "ಹೇ ಪೆದ್ದಾ! ಹೇ ಹೆಡ್ಡಾ! ಬರಿಗೈ ಅಂದ್ರ ಅರಿವಿ ಇಲ್ಲದ ಕೈ ಅಲ್ಲೋ! ಊಟಕ್ಕ ಕರದ್ರ ಏನರ ಒಯ್ಯಬೇಕೋ! ಅವರ ಮನ್ಯಾಗ ಇಲ್ಲದಂಥಾದ್ದು ನೋಡಿ ಒಯ್ಯಬೇಕು! ತಿಳೀತೇನೋ?"

"ತಿಳೀತವ್ವ!"

ಅಂವ "ತಿಳೀತು" ಅಂದಾಗೊಮ್ಮೆ ಬಾಳವ್ವನ ಎದಿ ಝಲ್ ಅಂತಿತ್ತು.

ಸಂಕ್ರಾಂತಿ ಬಂತು. ಹಬ್ಬ ಇನ್ನೂ ಎರಡು ದಿನ ಅದ ಅನ್ನೋವಾಗ ದುಂಡಪ್ಪ ಯೋಚನಿಗೆ ಕುಂತ. ಬೀಗರ ಮನ್ಯಾಗ ಏನಿಲ್ಲ? ಎಮ್ಮಿ ಅದ. ಜೋಳ ಅದ. ಬೆಲ್ಲದ ಪೆಂಟಿ ಅದ. ತುಪ್ಪ ಅದ. ಎಲ್ಲಾ ಅದ! ಇಲ್ಲದ್ದು ಏನು? ಆಗ ನೆನಪಾತು. ಹೊಲದಾಗ ಉಣ್ಣೋವಾಗ ಸಾವಂತ್ರೆತ್ತಿ ಹೆಮ್ಮಿಲೆ ಹೇಳಿದ್ದಳು: ನಮ್ಮ ಮನ್ಯಾಗ ಎರಡು ಬೆಕ್ಕು ಸಾಕೇವಿ, ಔಷಧಕ್ಕಂದ್ರೂ ಒಂದು ಇಲಿ ಇಲ್ಲ.

ಎರಡು ದಿನ ಮನಿ ಮೂಲಿ ಮೂಲಿಯೆಲ್ಲಾ ಧಡಬಡ, ಧಡಬಡ. ಬಾಳವ್ವ ಅಂದ್ಕೊಂಡಳು, ಹಬ್ಬ ಬಂತಂತ ಮಗ ಮನಿ ಸ್ವಚ್ಛ ಮಾಡಾಕತ್ಯಾನ, ಅಡ್ಡಿ ಇಲ್ಲ, ಬುದ್ಧಿ ಬಂತು. ಹಬ್ಬದ ದಿನ ಗಡಿಗಿ ಬಾಯಿಗೆ ಅರಿವಿ ಬಿಗಿದು ಹೊಂಟ.

"ಅದರಾಗ ಏನದೋ?"

"ಅವರ ಮನ್ಯಾಗ ಇಲ್ಲದ್ದು!"

ಬಾಳವ್ವ ಬಿಚ್ಚಿ ನೋಡಬೇಕು ಅನ್ನೋದ್ರಾಗ ಅಂವ ಊರ ಅಗಸಿ ದಾಟಿದ್ದ. ಮತ್ತ ಅದ: ಒಲಿ ಮುಂದಿಂದ ಹೊಸ್ತಿಲಕ್ಕ, ಹೊಸ್ತಿಲದಿಂದ ಒಲಿ ಮುಂದಕ್ಕ. ಹಬ್ಬಕ್ಕ ಸಿಹಿ ಮಾದ್ಲಿ ಮಾಡಿದ್ದಳು, ಬಾಯಾಗ ಇಟ್ಟರ ಮಣ್ಣು ಮಣ್ಣು ಹತ್ತತಿತ್ತು.

ಸಂಜಿಗೆ ಮಗ ಬಂದ, ಮುಖದ ತುಂಬ ನಗಿ. "ಅವ್ವ! ಈಗ ಅವರ ಮನ್ಯಾಗೂ ಇಲಿ ಅದ!"

"ಶಿವನ!"

"ಗಡಿಗಿ ನೋಡಿ ತುಪ್ಪ ಅಂದ್ಕೊಂಡ್ರು. ಅತ್ತಿ ತಾನ ಒಯ್ದು ದೇವರ ಜಗಲಿ ಮ್ಯಾಲೆ ಇಟ್ಟಳು. ಪೂಜಿ ಆತು. ಅರಿವಿ ಬಿಚ್ಚಿದಳು. ಇಲಿ ಜಿಗೀತು! ಜಗಲಿ ಮ್ಯಾಲಿಂದ ಎಳ್ಳು ಬೆಲ್ಲದ ತಾಟಿಗೆ, ತಾಟಿನಿಂದ ಹಾಲಿನ ಚರಗಿಗೆ, ಚರಗಿಯಿಂದ ಮಾವನ ಮಡಲಿಗೆ! ಹಿಂದ ಎರಡು ಬೆಕ್ಕು! ಅತ್ತಿ ಎಷ್ಟು ಜಲ್ದಿ ಮಂಚ ಏರತಾಳವ್ವ! ನೀ ನೋಡಬೇಕಿತ್ತು!"

"ಏನಂದಳೋ ಆಕಿ?"

"ಏನೂ ಅನ್ನಲಿಲ್ಲ. ಮಂಚದ ಮ್ಯಾಲೆ ನಿಂತು ಒದರಿದಳಷ್ಟ."

ಬಾಳವ್ವ ಕಸಬರಿಗಿ ತಗೊಂಡು ಎರಡು ಬಿಟ್ಟಳು. "ಹೇ ಪೆದ್ದಾ! ಹೇ ಹೆಡ್ಡಾ! ಓಡೋದು ಒಯ್ಯಬಾರದು! ಜಿಗಿಯೋದು ಒಯ್ಯಬಾರದು! ಊಟಕ್ಕ ಕರದ್ರ ಹಣ್ಣು ಒಯ್ಯತಾರೋ, ಹಣ್ಣು! ಕಸುಗಾಯಿ ಇರಬಾರದು, ಹಣ್ಣು ಹಣ್ಣು ಆಗಿದ್ದನ್ನ ನೋಡಿ ಒಯ್ಯಬೇಕು. ತಿಳೀತೇನೋ?"

"ತಿಳೀತವ್ವ! ಓಡೋದು ಬ್ಯಾಡ, ಜಿಗಿಯೋದು ಬ್ಯಾಡ, ಹಣ್ಣು ಹಣ್ಣು ಆಗಿದ್ದು ಒಯ್ಯತೀನಿ!"

ಹೇಳಿದ್ದನ್ನ ಹಂಗ ತಿರುಗಿ ಹೇಳಿದ ನೋಡ್ರಿ, ಬಾಳವ್ವಗ ಸ್ವಲ್ಪ ಉಸರು ಬಂತು.

ಯುಗಾದಿ ಬಂತು. ಮಾವಿನ ತೋರಣ ಕಟ್ಟಿದ್ರು, ಬೇವು ಬೆಲ್ಲ ತಿಂದ್ರು. ದುಂಡಪ್ಪ ಎಣ್ಣಿ ಹಚ್ಚಿ ತಲಿ ಬಾಚಿಕೊಂಡು "ಹಣ್ಣು ತಗೊಂಡು ಹಂಗ ಹೋಗತೀನವ್ವ" ಅಂತ ಹೊಂಟ. ಬಾಳವ್ವ ಹೋಳಿಗಿ ಹೂರಣ ಅರಿಯಾಕ ಕುಂತಳು. ಒಂದು ಸುತ್ತು ಅರದಿಲ್ಲ, ಓಣಿಯಾಗ ಬೊಬ್ಬಿ ಎದ್ದಿತು. ಹಿಂದಿನ ಮನಿ ತಿಪ್ಪವ್ವ ಎದಿ ಎದಿ ಬಡಕೋತ ಓಡಿ ಬಂದಳು.

"ಬಾಳವ್ವ! ಏ ಬಾಳವ್ವ! ನಿನ್ನ ಮಗ ನಮ್ಮ ಮಾವನ್ನ ಹೊತ್ತಕೊಂಡು ಹೋದ!"

"ಯಾರನ್ನ?"

"ನಮ್ಮ ಮಾವನ್ನ! ಈರಭದ್ರಜ್ಜನ್ನ! ಕಟ್ಟಿ ಮ್ಯಾಲೆ ಬಿಸಲಿಗೆ ಕುಂತಿದ್ದ. ನಿನ್ನ ಮಗ ಬಂದ, 'ಅಜ್ಜಾ, ನೀ ಹಣ್ಣು ಹಣ್ಣು ಮುದುಕ ಅಂತಾರಲ್ಲ, ಖರೇ ಏನು?' ಅಂದ. 'ಹೌದಪಾ, ತೊಂಬತ್ತರ ಮ್ಯಾಲೆ ಆತು, ಉದುರೋದೊಂದ ಬಾಕಿ' ಅಂದ ನಮ್ಮ ಮಾವ. 'ಓಡತೀ ಏನಜ್ಜಾ?' ಅಂದ. 'ಎಲ್ಲೀದಪಾ' ಅಂದ. 'ಜಿಗಿತೀ ಏನು?' ಅಂದ. 'ಕೋಲಿಲ್ಲದ ಏಳಾಕ ಬರಂಗಿಲ್ಲ' ಅಂದ. 'ಹಂಗಾದ್ರ ಬಾ' ಅಂತ ಬೆನ್ನಿಗೆ ಹಾಕ್ಕೊಂಡು ಹೋಗೇ ಬಿಟ್ಟ!"

ಹೂರಣ ಕೈಯಾಗ ಒಣಗಿತು. ಬಾಳವ್ವ ಹಳ್ಳದ ದಂಡಿತನಕ ಓಡಿದಳು. ಮುಂದ ಹೋಗಾಕ ಪದ್ಧತಿ ಬಿಡವಲ್ಲದು. ಹಿಂದ ಬಂದಳು. ಮತ್ತ ಓಡಿದಳು. ಮತ್ತ ಬಂದಳು. ಆ ದಿನ ಆಕಿ ಹಳ್ಳಕ್ಕ ಎಷ್ಟು ಸಲ ಹೋದಳು ಅಂತ ಹಳ್ಳಕ್ಕ ಗೊತ್ತು.

ಹೊತ್ತು ಮುಣಗೋ ಮುಂದ ದುಂಡಪ್ಪ ಬಂದ. ಬೆನ್ನ ಮ್ಯಾಲೆ ಈರಭದ್ರಜ್ಜ. ಅಜ್ಜ ಢರ್ ಅಂತ ತೇಗಿದ.

"ಬಾಳವ್ವ, ಬೀಗರು ಒಳ್ಳೇ ಮಂದಿ. ಏಳು ಹೋಳಿಗಿ ತಿಂದೆ, ತುಪ್ಪದಾಗ ನೆನಸಿ ನೆನಸಿ. ಕಟ್ಟಿನ ಸಾರಿಗೆ ಉಪ್ಪು ಕಡಿಮಿ ಆಗಿತ್ತು, ಹೇಳಿ ಬಂದೀನಿ."

ಸಾವಂತ್ರೆವ್ವನ ಸಾರಿಗೆ ಹೂವಿನಕೊಪ್ಪದಾಗ ಯಾರೂ ಇವತ್ತಿನತನಕ ಉಪ್ಪು ಕಡಿಮಿ ಅಂದವರಿಲ್ಲ!

ಅಜ್ಜನ್ನ ಇಳಿಸಿದ ಮ್ಯಾಲೆ ಬಾಳವ್ವ ಮಗನ ಕಿವಿ ಹಿಡದಳು. "ಆಕಿ ಏನಂದಳೋ?"

"ಒಬ್ಬನ್ನ ಕರದ್ರ ಇಬ್ಬರು ಬಂದ್ರಲ್ಲ ಅಂದಳು. ನಾ ಅಂದೆ, ಅಲ್ಲರೀ ಅತ್ತಿ, ನಾ ಒಬ್ಬನ ಬಂದೀನಿ, ಇವರು ನಿಮಗ ತಂದಿದ್ದು ಅಂದೆ. 'ಇಟ್ಟಕೊಳ್ರಿ' ಅಂದೆ. ಇಟ್ಟಕೊಳ್ಳಲಿಲ್ಲವ್ವ. ತಿರುಗಿ ಹೊರೋ ಪಾಳಿ ನನಗ ಬಂತು."

"ನೀಲಿ ಏನಂದಳೋ?"

"ಅಕ್ಕ ಸೆರಗು ಬಾಯಾಗ ತುರುಕಿಕೊಂಡು ಹಿತ್ತಲಕ್ಕ ಓಡಿದಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ."

ಅದು ಬಾಳವ್ವನ ಎದಿಗೆ ಮುಳ್ಳು ಚುಚ್ಚಿದಂಗ ಚುಚ್ಚಿತು. "ಹೇ ಪೆದ್ದಾ! ಹೇ ಹೆಡ್ಡಾ! ಮನಷ್ಯಾನ್ನ ಒಯ್ಯತಾರೇನೋ! ತಿನ್ನೋದು ಒಯ್ಯಬೇಕೋ, ತಿನ್ನೋದು! ಬಾಯಾಗ ಇಟ್ಟರ ಸಿಹಿ ಹತ್ತಬೇಕು, ಅಂಥಾದ್ದಷ್ಟ ಒಯ್ಯಬೇಕು! ತಿಳೀತೇನೋ?"

"ತಿಳೀತವ್ವ!"

ಬ್ಯಾಸಿಗಿ ಕಳೀತು, ಕಾರ ಹುಣ್ಣಿಮಿ ಬಂತು. ಪಂಚಮಿ ಇನ್ನೇನು ದೂರಿಲ್ಲ. ಈ ಸಲ ಬಾಳವ್ವ ಎಲ್ಲಾ ತಾನ ಮಾಡಿದಳು. ಒಣಕೊಬ್ಬರಿ ತುರದು, ಪುಟಾಣಿ ಹಿಟ್ಟು, ಬೆಲ್ಲ, ಗಸಗಸಿ ಕೂಡಿಸಿ ಇಪ್ಪತ್ತೊಂದು ಕರ್ಚಿಕಾಯಿ ಕರದಳು. ಒಂದೂ ಒಡೆಯಲಿಲ್ಲ, ಒಂದೂ ಕರಗಾಗಲಿಲ್ಲ. ಬುಟ್ಯಾಗ ಒಂದರ ಮಗ್ಗಲಿಗೆ ಒಂದು ಜೋಡಿಸಿ, ಬಿಳಿ ಅರಿವಿ ಮುಚ್ಚಿ, ಮಗನ ತಲಿ ಮ್ಯಾಲೆ ತಾನ ಇಟ್ಟಳು. ಹಳ್ಳದತನಕ ತಾನ ಬಂದು ದಾಟಿಸಿದಳು. ಇನ್ನೇನು ತಪ್ಪತದ? ಏನೂ ತಪ್ಪಂಗಿಲ್ಲ! ಹಂಗಂದ್ಕೊಂಡು ಮನಿಗೆ ಬಂದಳು. ಬಂದ ಮ್ಯಾಲೆ ಮತ್ತ ನಿಂತಲ್ಲಿ ನಿಂದ್ರವಲ್ಲಳು. ಎಳಿಬಿಸಲಿನಾಗ ಹೊರಗ, ನೆತ್ತಿ ಬಿಸಲಿನಾಗ ಹೊರಗ. ಏನಾರ ತಪ್ಪಿತೇನು? ಏನು ತಪ್ಪೀತು?

ದುಂಡಪ್ಪ ಸಂಜಿಗೆ ಬಂದು "ಎಲ್ಲಾ ಚೊಲೋ ಆತವ್ವ" ಅಂದ. ಉಂಡು ಮಲಗಿದ. ಮರುದಿನ ಮುಂಜಾನೆ ಬಾಗಲದಾಗ ಬಸಲಿಂಗಪ್ಪ ನಿಂತಿದ್ದ, ಕೈಯಾಗ ಖಾಲಿ ಬುಟ್ಟಿ.

"ಬರ್ರಿ ಬೀಗರ" ಅಂತ ಬಾಳವ್ವ ಚಾಪಿ ಹಾಸಿದಳು. ನೀರು ಕೊಟ್ಟಳು. ಬಸಲಿಂಗಪ್ಪ ನೀರು ಕುಡದ. ಮೀಸಿ ಒರಸಿಕೊಂಡ. ಮತ್ತ ನೀರು ಬೇಡಿದ.

"ಏನಾತು ಹೇಳ್ರಿ ಬೀಗರ!"

"ಏನಿಲ್ಲ ಬಾಳವ್ವ. ಕರ್ಚಿಕಾಯಿ ಭಾಳ ಚೊಲೋ ಆಗಿದ್ವು. ನಾ ಮೂರು ತಿಂದೆ. ಎಲ್ಲಾ ಅರ್ಧರ್ಧ ಇದ್ವು. ನಿಮ್ಮ ಕಡೆ ಕರ್ಚಿಕಾಯಿ ಅರ್ಧ ಮಾಡತಾರ ಅಂದ್ಕೊಂಡೆ. ನಾಕನೇದಕ್ಕ ಕೈ ಹಾಕೋವಾಗ ನಮ್ಮಾಕಿ ಕೇಳಿದಳು, ಇದೇನು ದುಂಡಪ್ಪ, ಎಲ್ಲಾದಕ್ಕೂ ಹಲ್ಲಿನ ಗುರ್ತು ಅದಾವಲ್ಲ ಅಂತ."

ಬಾಳವ್ವ ಮಗನ ಕಡೆ ನೋಡಿದಳು. ಮಗ ಹೆಮ್ಮಿಲೆ ಕುಂತಿದ್ದ.

"ಬಾಯಾಗ ಇಟ್ಟರ ಸಿಹಿ ಹತ್ತಿದ್ದಷ್ಟ ಒಯ್ಯಿ ಅಂದಿದ್ದೆಲ್ಲವ್ವ! ಹಾದ್ಯಾಗ ಕುಂತು ಒಂದೊಂದ ಬಾಯಾಗ ಇಟ್ಟು ನೋಡಿದೆ. ಇಪ್ಪತ್ತೊಂದೂ ಸಿಹಿ! ಅತ್ತಿಗೂ ಹೇಳಿದೆ, ಒಂದೂ ಕೆಟ್ಟಿಲ್ಲರೀ, ಎಲ್ಲಾ ನೋಡೇನಿ ಅಂತ!"

ಇಪ್ಪತ್ತೊಂದು ಎಂಜಲ ಕರ್ಚಿಕಾಯಿ! ಕಸಬರಿಗಿ ತೊಳ್ಯಾಕಿ ಮನಿಗೆ!

"ಬೀಗತಿ ಏನಂದ್ರು?" ಬಾಳವ್ವನ ದನಿ ನೆಲಕ್ಕ ಇಳದಿತ್ತು.

ಬಸಲಿಂಗಪ್ಪ ತಲಿ ಕೆಳಗ ಹಾಕಿದ. "ಪಂಚಮಿಗೆ ಸೊಸಿನ್ನ ಕಳಸಂಗಿಲ್ಲ ಅಂದಳು. 'ಇಂಥಾ ಮನಿಗೆ ಹೆಂಗ ಕಳಸ್ಲಿ? ಹೋದಾಕಿ ಏನು ಕಲತು ಬರತಾಳೋ' ಅಂದಳು. ನೀಲವ್ವ ರಾತ್ರಿ ಉಣಲಿಲ್ಲ."

ಬಾಳವ್ವ ಅಳಲಿಲ್ಲ. ಅಳಾಕ ಆಕಿಗೆ ಪುರಸೊತ್ತಿದ್ದಿಲ್ಲ. ಎದ್ದಳು, ಕುಂತಳು, ಖಾಲಿ ಬುಟ್ಟಿ ತಗೊಂಡಳು, ಇಟ್ಟಳು. ಆಮ್ಯಾಲೆ ಕೈ ಮುಗದಳು.

"ಬೀಗರ, ಏಳು ತಿಂಗಳಾತು, ಮಗಳ ಮಾರಿ ನೋಡಿಲ್ಲ. ಏನರ ಹಾದಿ ತೋರಸ್ರಿ."

ಬಸಲಿಂಗಪ್ಪ ಯೋಚನಿ ಮಾಡಿದ. "ಒಂದು ಮಾಡು. ಇಷ್ಟು ದಿನ ನಾವು ಕರದ್ವಿ, ಅಂವ ಬಂದ. ಈ ಸಲ ನೀ ಕರಿ, ನಾವು ಬರತೀವಿ. ಪಂಚಮಿ ಊಟಕ್ಕ ಗಂಡ ಹೆಂಡತಿ ಇಬ್ಬರೂ ಬರತೀವಿ, ನೀಲವ್ವನ್ನೂ ಕರಕೊಂಡು. ನಮ್ಮಾಕಿ ನಿನ್ನ ಮನಿ ನೋಡಲಿ, ನಿನ್ನ ಕೈ ಅಡಗಿ ಉಣ್ಣಲಿ. ಮನಸ ಬಂದ್ರ ಸೊಸಿನ್ನ ಬಿಟ್ಟು ಹೋಗತಾಳ. ಬರದಿದ್ರ ಅದ ಗಾಡ್ಯಾಗ ಹಿಂದಕ್ಕ ಕರಕೊಂಡು ಹೋಗತಾಳ. ಬರುವಾಗ ಏನು ತರೋಣು ಹೇಳು?"

"ಅಯ್ಯ, ನೀವು ಬಂದ್ರ ಸಾಕು! ಏನೂ ತರಬ್ಯಾಡ್ರಿ!" ಅಂದಳು ಬಾಳವ್ವ. ಬಸಲಿಂಗಪ್ಪನ್ನ ಕಳಿಸಿ ಮಗನ್ನ ಮುಂದ ಕುಂದ್ರಿಸಿಕೊಂಡಳು. "ದುಂಡ್ಯಾ, ಇದೊಂದ ಸಲ ಕಣ್ಣು ಕಿವಿ ತಗದು ಕೇಳು. ಬೀಗರು ಬಂದ ಕೂಡಲೆ 'ಬರ್ರಿ' ಅನ್ನು. ಕಾಲಿಗೆ ನೀರು ಕೊಡು. ಏನರ ತಂದಿದ್ರ, 'ನೀವು ಬಂದ್ರ ಸಾಕಾಗಿತ್ತು, ತರಬ್ಯಾಡ್ರಿ ಅಂದಿದ್ವೆಲ್ಲ, ಯಾಕ ತಂದ್ರಿ' ಅನ್ನು. ದೊಡ್ಡ ಮನಿತನದವರು ಹಂಗ ಅಂತಾರ. ಬ್ಯಾರೆ ಮಾತು ಬ್ಯಾಡ. ತಿಳೀತೇನೋ?"

"ತಿಳೀತವ್ವ! ನೀವು ಬಂದ್ರ ಸಾಕು, ಏನೂ ತರಬ್ಯಾಡ್ರಿ!"

ಪಂಚಮಿ ಬಂತು. ಎಂಟು ದಿನದಿಂದ ಬಾಳವ್ವನ ಕಾಲು ನೆಲಕ್ಕ ಹತ್ತಿದ್ದಿಲ್ಲ. ಮನಿ ಸಾರಿಸಿದಳು, ಮತ್ತ ಸಾರಿಸಿದಳು. ಕಸಬರಿಗಿನೂ ತೊಳದಳು. ಎಳ್ಳುಂಡಿ, ಸೇಂಗಾ ಉಂಡಿ, ಅಳ್ಳಿಟ್ಟು ಮಾಡಿ ಡಬ್ಬಿ ತುಂಬಿದಳು. ಮಗಳಿಗಂತ ಜೋಕಾಲಿಗೆ ಹೊಸ ಹಗ್ಗ ತರಿಸಿ ಪಡಸಾಲಿ ಮೂಲ್ಯಾಗ ಸುತ್ತಿ ಇಟ್ಟಳು. ಕಡಬಿನ ಪಾತ್ರಿ ಒಲಿ ಮ್ಯಾಲೆ ಏರಿಸಿದಳು. ಕಿವಿ ಮಾತ್ರ ಹೊರಗ.

ಝಲ್ ಝಲ್, ಝಲ್ ಝಲ್. ಎತ್ತಿನ ಗೆಜ್ಜಿ! ಬಂದ್ರು!

ಓಡಬೇಕಂದಳು. ಕಡಬು ಬೇಯೋ ಹದ, ಬಿಟ್ಟು ಏಳುವಂಗಿಲ್ಲ. ಒಳಗಿಂದನ ಕಿವಿಗೊಟ್ಟಳು. "ಬರ್ರಿ ಅತ್ತಿ! ಬರ್ರಿ ಮಾವ! ಹಿತ್ತಲದಾಗ ನೀರು ಇಟ್ಟೇನಿ, ಕಾಲು ತೊಳಕೊಳ್ರಿ!" ಶಾಭಾಸ್ ಮಗನ! ಬಾಳವ್ವನ ಮುಖ ಅರಳಿತು. ಬೀಗರು ಪಡಸಾಲಿ ಹಾದು ಹಿತ್ತಲಕ್ಕ ಹೋದ ಸಪ್ಪಳ ಕೇಳಿಸಿತು. ಇನ್ನ ಮಗಳ ಕಾಲುಂಗರದ ಸಪ್ಪಳ ಬರಬೇಕು. ಈಗ ಬಂತು, ಈಗ ಬಂತು...

ಝಲ್ ಝಲ್, ಝಲ್ ಝಲ್. ಗೆಜ್ಜಿ ಸಪ್ಪಳ ಮತ್ತ ಬಂತು. ಬಂದದ್ದಲ್ಲ, ಹೋದದ್ದು! ಹಿಂದ ನೀಲವ್ವನ ದನಿ: "ತಮ್ಮಾ! ಏ ತಮ್ಮಾ! ಅವ್ವಾ!"

ಬಾಳವ್ವ ಸವಟು ಹಿಡಕೊಂಡ ಹೊರಗ ಓಡಿ ಬಂದಳು. ಅಂಗಳದಾಗ ಗಾಡಿ ಇಲ್ಲ, ಎತ್ತಿಲ್ಲ, ಮಗಳಿಲ್ಲ. ದುಂಡಪ್ಪ ಒಬ್ಬನ ಕೈ ಝಾಡಿಸಿಕೋತ ನಿಂತಾನ.

"ನೀಲಿ ಎಲ್ಲೋ!"

"ಹಿಂದಕ್ಕ ಕಳಿಸಿದೆ."

"ಏನಂದಿ?"

"ಏನೂ ತರಬ್ಯಾಡ್ರಿ ಅಂದ್ರೂ ತಂದಿದ್ದರವ್ವ! ಅತ್ತಿ, ಮಾವ ಇಬ್ಬರ ಬಂದ್ರ ಸಾಕಾಗಿತ್ತು. ಕಾಯಿ ತಂದಿದ್ರು, ಕುಬಸದ ಕಣ ತಂದಿದ್ರು, ಅಕ್ಕನ್ನೂ ತಂದಿದ್ರು. ಕಾಯಿ ಗಾಡ್ಯಾಗ ಹಾಕಿದೆ. ಕಣ ಹಾಕಿದೆ. ಅಕ್ಕ ಇನ್ನೂ ಇಳದಿದ್ದಿಲ್ಲ, ಚೊಲೋ ಆತು. ಗಾಡಿ ತಿರುಗಿಸಿ ಎತ್ತಿನ ಬೆನ್ನಿಗೊಂದು ಕೊಟ್ಟೆ. ಎತ್ತಿಗೆ ಅವರ ಮನಿ ಹಾದಿ ಗೊತ್ತದ."

ಬಾಳವ್ವಗ ಭೂಮಿ ತಿರುಗಿತು. ಗಾಡಿ ಹೊಡಿಯೋ ಬಸಲಿಂಗಪ್ಪ ಹಿತ್ತಲದಾಗ ಕಾಲು ತೊಳ್ಯಾಕತ್ಯಾನ! ಹೊಡಿಯಾವ್ರಿಲ್ಲದ ಗಾಡ್ಯಾಗ ಮಗಳು! ಬೀಗತಿಗೆ ಗೊತ್ತಾದ್ರ? ಬಂದ ಸೊಸಿನ್ನ ಬಾಗಲದಿಂದ ಹಿಂದಕ್ಕ ಅಟ್ಟಿದ್ರು ಅಂತ ತಿಳದ್ರ? ಉಣ್ಣದ ಎದ್ದು ಹೋಗತಾಳ, ಇನ್ನ ಏಳು ಜನ್ಮಕ್ಕೂ ಮಗಳನ್ನ ಕಳಸಂಗಿಲ್ಲ!

ಸೆರಗು ಸೊಂಟಕ್ಕ ಸಿಗಿಸಿಕೊಂಡು ಓಡಿದಳು. ಓಡಕೋತನ ಒದರಿದಳು:

"ನಾ ಬರೋತನಕ ಬೀಗರನ್ನ ಮಾತಿನ್ಯಾಗ ಕಟ್ಟಿಹಾಕಿರೋ! ಎದ್ದು ಹೋಗಗೊಡಬ್ಯಾಡ!"

"ತಿಳೀತವ್ವ!"

ಈ ಸಲ ಎದಿ ಝಲ್ ಅನ್ನಾಕೂ ಆಕಿಗೆ ಪುರಸೊತ್ತಿದ್ದಿಲ್ಲ.

ಮುಂದ ಗಾಡಿ, ಹಿಂದ ಬಾಳವ್ವ. ಮುಂದ ಝಲ್ ಝಲ್, ಹಿಂದ "ಹೋ! ಹೋ!" ಕೈಯಾಗ ಸವಟು, ತಲಿ ಕೂದಲ ಬಿಚ್ಚಿ ಬೆನ್ನ ಮ್ಯಾಲೆ. ಓಣ್ಯಾಗಿನ ಮಂದಿ ಉಂಡಿ ತಿನ್ನೋದು ಬಿಟ್ಟು ನೋಡಿದ್ರು. ಎತ್ತಿಗೆ ನೀರಡಿಕಿ ಆಗಿತ್ತು, ಪುಣ್ಯ. ಹಳ್ಳದಾಗ ಇಳದು ನೀರಿಗೆ ಬಾಯಿ ಹಚ್ಚಿ ನಿಂತ್ವು.

ಬಾಳವ್ವ ಮೊಣಕಾಲು ನೀರಾಗ ನಿಂತು ಗಾಡಿ ಹಿಡದಳು. ಮ್ಯಾಲಿಂದ ನೀಲವ್ವ ನೋಡಿದಳು. ಎಂಟು ತಿಂಗಳಾಗಿತ್ತು. ಬಗ್ಗಿ ತಾಯಿ ಕೈ ಹಿಡದಳು.

"ಅವ್ವ," ಅಂದಳು ನೀಲವ್ವ, "ಸೊರಗೀದಿ."

"ಯಾರು ಸೊರಗ್ಯಾರು ನೋಡು," ಅಂದಳು ಬಾಳವ್ವ. "ನಿಮ್ಮತ್ತಿ ಉಣ್ಣಾಕ ಹಾಕತಾಳೋ ಇಲ್ಲೋ?"

"ಭಾಳ ಹಾಕತಾಳ. ಬೈಯೋದೂ ಭಾಳ, ಹಾಕೋದೂ ಭಾಳ." ನೀಲವ್ವ ಕಣ್ಣು ಒರಸಿಕೊಂಡು ನಗಾಕ ಹತ್ತಿದಳು. "ಅವ್ವ, ತಮ್ಮ ಇಲಿ ತಂದ ದಿನ ಆಕಿ ಮಂಚದ ಮ್ಯಾಲೆ ನಿಂತಿದ್ದಳಲ್ಲ, ನಾನೂ ಮಗ್ಗಲಿಗೆ ನಿಂತಿದ್ದೆ. ಆಕಿ ನನ್ನ ಕೈ ಗಟ್ಟಿ ಹಿಡಕೊಂಡಿದ್ದಳು. ಅವತ್ತಿಂದ ಬೈಯೋದು ಸ್ವಲ್ಪ ಕಡಿಮಿ ಆಗೇದ."

ಬಾಳವ್ವ ಹೌಹಾರಿ ಮಗಳ ಮಾರಿ ನೋಡಿದಳು. ಕುಂತು ಕೇಳಾಕ ಹೊತ್ತಿಲ್ಲ. ಹತ್ತಿದಳು ಗಾಡಿ. ಓಡೋವಾಗ ಕೈಗೆ ಸಿಗದ ಜೋತಿದ್ದ ಹಗ್ಗ ಈಗ ನೀಲವ್ವ ಹಿಡದು ಎತ್ತು ತಿರುಗಿಸಿದಳು. "ಜಲ್ದಿ ಹೊಡಿಯವ್ವ, ಜಲ್ದಿ! ಬೀಗರು ಎದ್ದು ಹೋದಾರು!"

ಬೀಗರು ಎದ್ದು ಹೋಗಿದ್ದಿಲ್ಲ. ಎದ್ದು ಹೋಗೋ ಹಂಗ ಇದ್ದಿಲ್ಲ.

ಪಡಸಾಲ್ಯಾಗ ನಡುಗಂಬ. ಕಂಬದ ಈ ಕಡೆ ಸಾವಂತ್ರೆವ್ವ, ಆ ಕಡೆ ಬಸಲಿಂಗಪ್ಪ. ಬೆನ್ನಿಗೆ ಬೆನ್ನು ಹಚ್ಚಿ ಕುಂತಾರ. ಎದಿಯಿಂದ ಸೊಂಟದತನಕ ಜೋಕಾಲಿ ಹಗ್ಗ, ಸುತ್ತು ಮ್ಯಾಲೆ ಸುತ್ತು, ಸುತ್ತು ಮ್ಯಾಲೆ ಸುತ್ತು! ದುಂಡಪ್ಪ ಹಗ್ಗದ ತುದಿ ಹಿಡಕೊಂಡು ಕಂಬ ಸುತ್ತಾಕತ್ಯಾನ, ಬಾಯಿ ನಿಂತಿಲ್ಲ.

"ಮಾವ, ಈ ಸಲ ಹೊಲದಾಗ ಹೆಸರು ಹೆಂಗದಾವ? ಅತ್ತಿ, ನಿಮ್ಮ ಎಮ್ಮಿ ಯಾವಾಗ ಈದಿತ್ತು? ಎಷ್ಟು ಹಾಲು ಕೊಡತದ?"

"ಮುಂಜಾನೆ ನಾಕು ಸೇರು," ಅಂತ ಸಾವಂತ್ರೆವ್ವ ಹಲ್ಲು ಕಚ್ಚಿ ಹೇಳಾಕತ್ತಿದ್ದಳು.

ಬಸಲಿಂಗಪ್ಪ ಬಾಳವ್ವನ್ನ ಕಂಡು ಕೊರಳು ತಿರುಗಿಸಿದ. "ಬಾಳವ್ವ, ಕಟ್ಟೋವಾಗ ನಾ ಏನೂ ಅನ್ನಲಿಲ್ಲ. ಪಂಚಮಿಗೆ ಬೀಗರನ್ನ ಕಟ್ಟೋದು ನಿಮ್ಮ ಕಡೆ ಪದ್ಧತಿ ಇರಬೇಕು ಅಂದ್ಕೊಂಡೆ. ಹೌದಿಲ್ಲೋ?"

"ದುಂಡ್ಯಾ!" ಬಾಳವ್ವನ ಕೈಯಾಗಿನ ಸವಟು ಕೆಳಗ ಬಿತ್ತು.

"ಮಾತಿನ್ಯಾಗ ಕಟ್ಟಿಹಾಕು ಅಂದಿದ್ದೆಲ್ಲವ್ವ! ಒಂದು ಸುತ್ತೂ ಸುಮ್ಮನ ಕಟ್ಟಿಲ್ಲ. ಮಾತಾಡಕೋತನ ಕಟ್ಟೇನಿ!"

ಸಾವಂತ್ರೆವ್ವ ಬೀಗತಿನ್ನ ಕಾಲಿಂದ ತಲೀತನಕ ನೋಡಿದಳು. ಸೀರಿ ಮೊಣಕಾಲತನಕ ತೊಯ್ದದ. ಕೂದಲ ಬಿಚ್ಚ್ಯಾವ. ಎದಿ ಕಮ್ಮಾರನ ತಿದಿಯಂಗ ಏರಿ ಇಳಿಯಾಕತ್ತದ. ಮಗ್ಗಲಿಗೆ ಸೊಸಿ, ತಾಯಿ ಸೆರಗು ಮುಷ್ಟ್ಯಾಗ ಹಿಡದಾಳ. ಮನಿ ಸಾರಿಸಿದ್ದೂ ಕಂಡಳು, ಮೂಲ್ಯಾಗ ತೊಳದಿಟ್ಟ ಕಸಬರಿಗಿನೂ ಕಂಡಳು.

"ಬಾಳವ್ವ," ಅಂದಳು. "ಇಂವ ನಮ್ಮ ಮನಿಗೆ ಬಂದದ್ದು ನಾಕ ಸಲ. ನಾಕ ಸಲಕ್ಕ ನನ್ನ ಜೀವ ಅರ್ಧ ಆತು. ಇಷ್ಟು ವರ್ಷ ನೀ ಇವನ್ನ ಒಬ್ಬಾಕಿನ ಹೆಂಗ ಸಂಭಾಳಿಸಿದಿ?"

ಬಾಳವ್ವ ಬಿಚ್ಚಿದ ಕೂದಲ ಗಂಟು ಹಾಕಿಕೊಂಡಳು.

"ಗಣಪತಿ ಚೌತಿತನಕ ಸೊಸಿ ಇಲ್ಲೇ ಇರಲಿ. ಈ ಮನ್ಯಾಗ ನಿನಗೊಂದು ಆಸರ ಬೇಕು," ಅಂದಳು ಸಾವಂತ್ರೆವ್ವ. "ಒಳಗ ಕಡಬು ಘಮ್ ಅನ್ನಾಕತ್ತಾವ. ಹಸಿವ್ಯಾಗೇದ. ಮೊದಲ ಈ ಹಗ್ಗ ಬಿಚ್ಚಸು."

ಬಾಳವ್ವನ ಕಣ್ಣಾಗ ನೀರು, ಬಾಯಾಗ ನಗಿ. "ಬಿಚ್ಚೋ ದುಂಡ್ಯಾ! ಜಲ್ದಿ ಬಿಚ್ಚೋ!"

"ತಡಿಯವ್ವ!" ಅಂದ ದುಂಡಪ್ಪ. "ಅತ್ತಿ ಮುಂಜಾನಿ ಹಾಲಷ್ಟ ಹೇಳ್ಯಾಳ, ಸಂಜಿ ಹಾಲು ಎಷ್ಟಂತ ಇನ್ನೂ ಹೇಳಿಲ್ಲ. ಮಾತು ಮುಗದಿಲ್ಲ!"

ಅಂದಾಂವ ಹಗ್ಗ ಜಗ್ಗಿ ಇನ್ನೊಂದು ಸುತ್ತು ಬಿಗಿದ.

ಅತ್ತ ಕಡಬು ಆರಿತು, ಇತ್ತ ಕತಿ ತೀರಿತು.